ಖಿನ್ನತೆಯು ವ್ಯಾಧಿಯೆಂದು ತಿಳಿದುಬಂದ ಬಗೆ

ಕನ್ನಡದಲ್ಲಿ ಮನಸ್ಸಿನ ಇಳಿತವನ್ನು ಹೇಳುವುದಕ್ಕೆ ಮಾತುಗಳ ಕೊರತೆಯೇನೂ ಇಲ್ಲ. ಬೇಸರ, ಕೊರಗು, ಅಳಲು, ದುಗುಡ, ಮಂಕು, ಚಿಂತೆ ಎಂದು ಒಂದೊಂದಕ್ಕೂ ಒಂದೊಂದು ಛಾಯೆಯುಂಟು. ಕೊರಗಿದವನು ಸೊರಗುವನು, ಎಂದರೆ ಮನಸ್ಸಿನ ನೋವು ಮೈಯನ್ನು ತಿನ್ನುವುದು, ಎಂಬುದನ್ನು ನಮ್ಮ ಹಳ್ಳಿಯ ಮುದುಕಿಯರೂ ಬಲ್ಲರು. ಆದರೆ ಈ ಮಾತುಗಳಲ್ಲಿ ಒಂದಾದರೂ ರೋಗದ ಹೆಸರಲ್ಲವೆಂಬುದು ಗಮನಿಸತಕ್ಕ ಸಂಗತಿ. ಮನಸ್ಸಿಗೆ ಸಂಬಂಧಿಸಿದಂತೆ ನಾವು ರೋಗವೆಂದು ಒಪ್ಪಿದ್ದು ಹುಚ್ಚನ್ನು ಮಾತ್ರ. ಬೀದಿಯಲ್ಲಿ ನಿಂತು ಕೂಗಾಡುವವನನ್ನು ಊರೆಲ್ಲ ರೋಗಿಯೆಂದು ಒಪ್ಪುವುದು. ಮನೆಯ ಮೂಲೆಯಲ್ಲಿ ಗೋಡೆಯ ಕಡೆಗೆ ಮುಖಮಾಡಿ ಮಲಗಿರುವವನನ್ನು ಸೋಮಾರಿಯೆಂದೂ, ಹೆಂಗಸಾದರೆ ಸಿಡುಕಿನವಳೆಂದೂ, ವಿದ್ಯಾರ್ಥಿಯಾದರೆ ಓದಿನಲ್ಲಿ ಮನಸ್ಸಿಲ್ಲದವನೆಂದೂ, ಮುದುಕರಾದರೆ ವಯಸ್ಸಾಯಿತೆಂದೂ ಹೇಳಿ ಸುಮ್ಮನಾಗುವೆವು. ಹಾಗೆ ಸುಮ್ಮನಾದ ಮನೆಗಳಲ್ಲಿ ಕೆಲವದರಲ್ಲಿ ಒಂದು ದಿನ ಬೆಳಗ್ಗೆ ಏನು ಕಾಣಬೇಕಾಯಿತೆಂಬುದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ. ಇಂದಿನ ವೈದ್ಯರು ಖಿನ್ನತೆಯೆಂದು ಕರೆಯುವ ಈ ಮೂಲೆಯ ವ್ಯಾಧಿಯನ್ನು ಲೋಕವು ಹೇಗೆ ಗುರುತಿಸಿತು, ಗುರುತಿಸಿದ ಮೇಲೆ ಚಿಕಿತ್ಸೆ ಹೇಗೆ ಒದಗಿತು, ನಮ್ಮ ನಾಡಿಗೆ ಆ ತಿಳಿವಳಿಕೆ ಯಾವ ಹಾದಿಯಿಂದ ಬಂದಿತು ಎಂಬುದನ್ನು ಈ ಹೊತ್ತು ಸ್ವಲ್ಪ ವಿಚಾರಮಾಡೋಣ.

ಗ್ರೀಕರ ಹಿಪಾಕ್ರಟೀಸನ ಹೆಸರಿನಲ್ಲಿ ಬಂದಿರುವ ಗ್ರಂಥಗಳಲ್ಲಿ ಭಯವೂ ದುಃಖವೂ ಬಹುಕಾಲ ಬಿಡದೆ ನಿಂತರೆ ಅದನ್ನು ವ್ಯಾಧಿಯೆಂದೇ ಎಣಿಸಬೇಕೆಂಬ ಅಭಿಪ್ರಾಯವಿದೆ. ಶರೀರದಲ್ಲಿ ಕರಿಯ ಪಿತ್ತವು ಹೆಚ್ಚುವುದೇ ಇದಕ್ಕೆ ಕಾರಣವೆಂದು ಅವರು ತಿಳಿದಿದ್ದರು. ಮೆಲಂಕೋಲಿಯ ಎಂಬ ಹೆಸರಿನ ಅರ್ಥವೂ ಅದೇ. ಕರಿಯ ಪಿತ್ತವೆಂಬುದು ಕೇವಲ ಕಲ್ಪನೆ. ಆದರೂ ‘ಬಹುಕಾಲ ಬಿಡದೆ’ ಎಂಬ ಅವರ ಗುರುತು ಇಂದಿಗೂ ಕೆಟ್ಟಿಲ್ಲ. ಕಾರಣವನ್ನು ತಪ್ಪಾಗಿ ಹೇಳಿ ಲಕ್ಷಣವನ್ನು ಸರಿಯಾಗಿ ಕಂಡವರು ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಅನೇಕರುಂಟು. ಅವರಿಗೆ ನಾವು ಋಣಿಗಳೇ ಸರಿ. ಗ್ರೀಕರ ವಿದ್ಯೆಯು ಅರಬ್ಬೀ ಭಾಷೆಗೆ ಇಳಿದ ಮೇಲೆ ಬಾಲ್ಖ್ ಪಟ್ಟಣದ ಅಬೂ ಜೈದ್ ಎಂಬ ಪಂಡಿತನು, ಈತನು ತೀರಿಕೊಂಡದ್ದು 934ರಲ್ಲಿ, ಇನ್ನೊಂದು ಹೆಜ್ಜೆ ಮುಂದೆ ಹೋದನು. ದುಃಖದಲ್ಲಿ ಎರಡು ಬಗೆ: ಮಗುವು ತೀರಿಹೋಯಿತು, ಹಣವು ಹೋಯಿತು ಎಂದು ಕಾರಣವನ್ನು ತೋರಿಸಬಹುದಾದ ದುಃಖವೊಂದು, ಏಕೆಂದು ಕೇಳಿದರೆ ದುಃಖಪಡುವವನಿಗೇ ಉತ್ತರ ತೋಚದ ದುಃಖವಿನ್ನೊಂದು. ಈ ಎರಡನೆಯದರ ಬೇರು ಶರೀರದಲ್ಲಿರುವುದೆಂದು ಆತನು ಬರೆದನು. ಸಾವಿರ ವರ್ಷಗಳಿಗೂ ಹಿಂದೆ ಇಷ್ಟು ಸೂಕ್ಷ್ಮವಾದ ಭೇದವನ್ನು ಒಬ್ಬನು ಮಾಡಿದ್ದನೆಂಬುದು ಆಶ್ಚರ್ಯ. ‘ನಿನಗೇನು ಕಡಮೆಯಾಗಿದೆ? ಉಣ್ಣಲು ಉಂಟು, ಉಡಲು ಉಂಟು’ ಎಂದು ಇಂದೂ ಗದರಿಸುವ ಬಂಧುಗಳು ಆ ಭೇದವನ್ನು ಇನ್ನೂ ಕಲಿಯಲಿಲ್ಲವೆಂಬುದು ಅದಕ್ಕಿಂತ ದೊಡ್ಡ ಆಶ್ಚರ್ಯ.

ಯೂರೋಪಿನಲ್ಲಿ ಇದೇ ಸ್ಥಿತಿಯು ಇನ್ನೊಂದು ಹೆಸರಿನಿಂದ ಧರ್ಮಗುರುಗಳ ಕೈಗೆ ಸಿಕ್ಕಿತು. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಕ್ರೈಸ್ತ ಸಂನ್ಯಾಸಿಗಳಿಗೆ ಮಧ್ಯಾಹ್ನದ ವೇಳೆಗೆ ಹೊತ್ತೇ ಹೋಗದಂತಾಗಿ, ತಮ್ಮ ಗುಡಿಸಲು, ತಮ್ಮ ಕೆಲಸ, ತಮ್ಮ ಬಾಳು ಎಲ್ಲವೂ ಬೇಡವಾಗುತ್ತಿದ್ದಿತಂತೆ. ಎವಾಗ್ರಿಯಸ್ ಎಂಬ ತಪಸ್ವಿಯು ಇದನ್ನು ನಡುಹಗಲಿನ ಪಿಶಾಚಿಯ ಕಾಟವೆಂದು ವರ್ಣಿಸಿದನು. ವರ್ಣನೆಯು ಬಹು ಚೆನ್ನಾಗಿದೆ. ಆದರೆ ಇದರ ಪರಿಣಾಮ ಚೆನ್ನಾಗಲಿಲ್ಲ. ಕಾಲಕ್ರಮದಲ್ಲಿ ಅದು ಆಲಸ್ಯವೆಂಬ ಮಹಾಪಾಪಗಳಲ್ಲೊಂದಾಗಿ ಎಣಿಕೆಗೆ ಬಂದಿತು. ರೋಗಿಗೆ ಪಥ್ಯ, ಪಾಪಿಗೆ ಪ್ರಾಯಶ್ಚಿತ್ತ. ಹೀಗೆ ಬಹಳ ಶತಮಾನಗಳವರೆಗೆ ಖಿನ್ನತೆಯುಳ್ಳವರಿಗೆ ದೊರೆತದ್ದು ಎರಡನೆಯದು. 1621ರಲ್ಲಿ ಆಕ್ಸ್‌ಫರ್ಡಿನ ರಾಬರ್ಟ್ ಬರ್ಟನ್ ಎಂಬ ಪಾದ್ರಿಯು ವಿಷಾದದ ವಿಚಾರವಾಗಿ ಒಂದು ಭಾರಿ ಗ್ರಂಥವನ್ನು ಪ್ರಕಟಿಸಿದನು. ತನಗೇ ಆ ಬಾಧೆಯಿದ್ದುದರಿಂದ ಅದರಿಂದ ತಪ್ಪಿಸಿಕೊಳ್ಳುವುದಕ್ಕಾಗಿಯೇ ಅದರ ವಿಷಯವನ್ನು ಬರೆಯುತ್ತಿರುವುದಾಗಿ ಹೇಳಿಕೊಂಡು, ಬದುಕಿರುವವರೆಗೂ ಆ ಪುಸ್ತಕವನ್ನು ತಿದ್ದುತ್ತಲೂ ಬೆಳಸುತ್ತಲೂ ಇದ್ದನು. ತನ್ನ ವ್ಯಾಧಿಯನ್ನು ತಾನೇ ಬಾಯಿಬಿಟ್ಟು ಹೇಳಿದ್ದೇ ಆ ಕಾಲಕ್ಕೆ ಒಂದು ಧೈರ್ಯ.

ನಮ್ಮವರು ಇದನ್ನು ಕಾಣಲಿಲ್ಲವೆ ಎಂದರೆ, ಕಂಡಿದ್ದರು. ಚರಕಸಂಹಿತೆಯಲ್ಲಿ ಯಾವ ಯಾವ ವಿಷಯದಲ್ಲಿ ಯಾವುದು ಪ್ರಧಾನವೆಂದು ಒಂದು ಪಟ್ಟಿ ಬರುವುದಷ್ಟೆ. ಅಲ್ಲಿ ರೋಗವನ್ನು ಬೆಳಸುವವುಗಳಲ್ಲಿ ವಿಷಾದಕ್ಕೆ ಅಗ್ರಸ್ಥಾನ. ಇನ್ನು ಭಗವದ್ಗೀತೆಯ ಮೊದಲ ಅಧ್ಯಾಯದ ಹೆಸರೇ ಅರ್ಜುನವಿಷಾದಯೋಗ. ಅರ್ಜುನನದು ಕಾರಣವುಳ್ಳ ದುಃಖವಾದ್ದರಿಂದ ಅದನ್ನು ರೋಗವೆನ್ನಲಾಗದು. ಆದರೂ ಕೈಕಾಲು ಸೋತು, ಬಾಯಿ ಒಣಗಿ, ಮೈ ನಡುಗಿ, ಹಿಡಿದ ಬಿಲ್ಲು ಜಾರಿಬೀಳುವ ಆ ಚಿತ್ರವನ್ನು ಬರೆದ ಕವಿಯು ಮನಸ್ಸು ಕುಸಿದರೆ ಶರೀರವೂ ಜೊತೆಯಲ್ಲೇ ಕುಸಿಯುವುದೆಂಬುದನ್ನು ಚೆನ್ನಾಗಿ ಬಲ್ಲವನು. ಇನ್ನೊಂದು ಮಾತನ್ನು ನಾವು ಸಲುಗೆಯಿಂದ ಹೇಳಬಹುದು. ಶ್ರೀಕೃಷ್ಣನು ಮೊದಲು ಮಾಡಿದ್ದು ಗದರಿಕೆಯೇ. ಗಂಡಸಿಗೆ ಇದು ತಕ್ಕುದಲ್ಲ, ಏಳು ಎಂದನು. ಅರ್ಜುನನು ಏಳಲಿಲ್ಲ. ಆಮೇಲೆ ಹದಿನೇಳು ಅಧ್ಯಾಯಗಳಷ್ಟು ಕುಳಿತು ಮಾತನಾಡಬೇಕಾಯಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲಿಷರ ಆಡಳಿತದೊಂದಿಗೆ ಈ ದೇಶಕ್ಕೆ ಬಂದದ್ದು ಹುಚ್ಚರ ಆಸ್ಪತ್ರೆ. ಬೆಂಗಳೂರಿನಲ್ಲಿ ಅದರ ಆರಂಭವನ್ನು 1847ರಿಂದ ಎಣಿಸುವ ರೂಢಿಯಿದೆ. 1925ರಲ್ಲಿ ಮೈಸೂರು ಸರ್ಕಾರದವರು ಹಳೆಯ ಹೆಸರನ್ನು ತೆಗೆದು ಅದನ್ನು ಮಾನಸಿಕ ಆಸ್ಪತ್ರೆಯೆಂದು ಕರೆದರು. ಹೆಸರಿನ ಬದಲಾವಣೆಯೆಂದು ಇದನ್ನು ಹಗುರವಾಗಿ ಎಣಿಸಕೂಡದು. ಕಾವಲಿನ ಮನೆಯು ಚಿಕಿತ್ಸೆಯ ಮನೆಯಾಗಬೇಕೆಂಬ ಸಂಕಲ್ಪವು ಅದರಲ್ಲಿದ್ದಿತು. ಆದರೂ ಮೂಲೆಯ ರೋಗಿಗೆ ಅಲ್ಲಿ ಬಾಗಿಲು ಸುಲಭವಾಗಿ ತೆರೆಯುವಂತಿರಲಿಲ್ಲ. ಬ್ರಿಟಿಷ್ ಇಂಡಿಯದ 1912ರ ಕಾನೂನಿನಂತಹ ಶಾಸನಗಳ ದೃಷ್ಟಿಯೆಲ್ಲ ಅಪಾಯಕಾರಿಯಾದವನನ್ನು ಮ್ಯಾಜಿಸ್ಟ್ರೇಟರ ಆಜ್ಞೆಯಿಂದ ಒಳಗೆ ಸೇರಿಸುವುದರ ಮೇಲೆ ನಿಂತಿದ್ದಿತೇ ಹೊರತು, ಯಾರಿಗೂ ಉಪದ್ರವಕೊಡದೆ ತನ್ನೊಳಗೆ ತಾನೇ ಬತ್ತಿಹೋಗುತ್ತಿರುವವನ ಮೇಲೆ ಅಲ್ಲ. ಅಲ್ಲಿಗೆ ಹೋಗಿಬಂದ ಮನೆತನದಲ್ಲಿ ಹೆಣ್ಣು ಕೊಡುವವರಿಲ್ಲ, ತರುವವರಿಲ್ಲ ಎಂಬ ಭಯ ಬೇರೆ. ಆ ಭಯವು ಇಂದಿಗೂ ಪೂರ್ತಿ ಹೋಗಿಲ್ಲ.

ಇದೇ ಕಾಲದಲ್ಲಿ ಮನಸ್ಸಿನ ವಿಚಾರವನ್ನು ಶಾಸ್ತ್ರವಾಗಿ ಓದುವ ಏರ್ಪಾಡು ನಮ್ಮ ಸಂಸ್ಥಾನದಲ್ಲಿ ಆಗಿದ್ದಿತೆಂಬುದನ್ನು ನೆನೆಯುವುದು ಉಚಿತ. 1924ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ವಿಭಾಗವನ್ನು ಕಟ್ಟಿದವರು ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು. 1935ರಲ್ಲಿ ತಮ್ಮ ಮನೆಯಲ್ಲಿಯೇ ಚಿಕ್ಕದೊಂದು ಯಂತ್ರವನ್ನಿಟ್ಟು ಆಕಾಶವಾಣಿಯನ್ನು ಹೊರಡಿಸಿದವರೂ ಅವರೇ. ಮನಸ್ಸನ್ನು ಓದುವವರಿಗೂ ಮನೆಮನೆಗೆ ಮಾತು ಮುಟ್ಟಿಸುವವರಿಗೂ ಹೀಗೆ ನಮ್ಮಲ್ಲಿ ಹಳೆಯ ನಂಟು.

ಜರ್ಮನಿಯ ಕ್ರೇಪೆಲಿನನು 1899ರ ತನ್ನ ಗ್ರಂಥದ ಆವೃತ್ತಿಯಲ್ಲಿ ಏರಿಳಿತಗಳುಳ್ಳ ಮನೋವ್ಯಾಧಿಯನ್ನು ಬುದ್ಧಿಯೇ ಶಿಥಿಲವಾಗುವ ವ್ಯಾಧಿಯಿಂದ ಬೇರ್ಪಡಿಸಿ, ಮೊದಲನೆಯದು ಬಂದುಹೋಗುವ ಸ್ವಭಾವದ್ದು, ನಡುವೆ ರೋಗಿಯು ಮೊದಲಿನಂತೆಯೇ ಆಗುವನು ಎಂದು ತೋರಿಸಿದನು. ಫ್ರಾಯ್ಡನು 1917ರಲ್ಲಿ ಶೋಕಕ್ಕೂ ವಿಷಾದರೋಗಕ್ಕೂ ಇರುವ ಭೇದವನ್ನು ವಿವರಿಸಿದನು. ಶೋಕದಲ್ಲಿ ಲೋಕವು ಬರಿದಾಗಿ ಕಾಣುವುದು. ಈ ರೋಗದಲ್ಲಿ ತಾನೇ ಬರಿದಾಗಿ, ತಾನೇ ನಿಷ್ಪ್ರಯೋಜಕನಾಗಿ, ತಾನೇ ಅಪರಾಧಿಯಾಗಿ ಕಾಣುವನು. ಫ್ರಾಯ್ಡನ ಇತರ ಸಿದ್ಧಾಂತಗಳಲ್ಲಿ ಹಲವನ್ನು ಇಂದಿನವರು ಬಿಟ್ಟಿದ್ದರೂ ಈ ಗುರುತು ಮಾತ್ರ ರೋಗಿಯ ಮಗ್ಗುಲಲ್ಲಿ ಕುಳಿತವರಿಗೆ ಈಗಲೂ ಉಪಯೋಗಕ್ಕೆ ಬರುವುದು. ಚಿಕಿತ್ಸೆಯ ವಿಷಯದಲ್ಲಿ ಮೊದಲು ಕೈಹಿಡಿದದ್ದು ವಿದ್ಯುತ್ತು. 1938ರಲ್ಲಿ ರೋಮ್ ನಗರದಲ್ಲಿ ಚೆರ್ಲೆತ್ತಿ ಮತ್ತು ಬೀನಿ ಎಂಬುವರು ಅದನ್ನು ಬೇರೆಯ ರೋಗಕ್ಕೆಂದು ಆರಂಭಿಸಿದರು. ಹೆಚ್ಚು ಗುಣ ಕಂಡದ್ದು ಘೋರವಾದ ವಿಷಾದದಲ್ಲಿ. ಅದರ ಹೆಸರು ಕೇಳಿದರೆ ಜನರು ಬೆದರುವುದು ಸಹಜ, ಏಕೆಂದರೆ ಮೊದಮೊದಲು ಅದನ್ನು ಎಚ್ಚರವಿರುವಾಗಲೇ ಕೊಡುತ್ತಿದ್ದರು. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಕಾಯಿದೆಯು ಅರಿವಳಿಕೆಯನ್ನೂ ಸ್ನಾಯುಗಳನ್ನು ಸಡಿಲಿಸುವ ಔಷಧವನ್ನೂ ಕೊಡದೆ ಅದನ್ನು ಮಾಡಕೂಡದೆಂದು ನಿಷೇಧಿಸಿದೆ.

ಗುಳಿಗೆಯ ಕಥೆಯು ಇದಕ್ಕಿಂತ ಸ್ವಾರಸ್ಯವಾದುದು. ಖಿನ್ನತೆಗೆ ಔಷಧವನ್ನು ಹುಡುಕಬೇಕೆಂದು ಹೊರಟವರಾರೂ ಅದನ್ನು ಕಂಡುಹಿಡಿಯಲಿಲ್ಲ. 1952ರಲ್ಲಿ ನ್ಯೂಯಾರ್ಕಿನ ಸ್ಟೇಟನ್ ದ್ವೀಪದ ಸೀ ವ್ಯೂ ಎಂಬ ಕ್ಷಯರೋಗದ ಆಸ್ಪತ್ರೆಯಲ್ಲಿ ಐಪ್ರೊನಯಜಿಡ್ ಎಂಬ ಹೊಸ ಔಷಧವನ್ನು ಪರೀಕ್ಷಿಸಿದರು. ಹಾಸಿಗೆ ಹಿಡಿದಿದ್ದ ರೋಗಿಗಳು ಎದ್ದು ಓಡಾಡಿದರು, ಹೊಟ್ಟೆತುಂಬ ಉಂಡರು. ಅವರು ಕುಣಿಯುತ್ತಿರುವ ಚಿತ್ರಗಳು ವೃತ್ತಪತ್ರಿಕೆಗಳಲ್ಲಿ ಬಂದವು. ಕ್ಷಯದ ವೈದ್ಯರಿಗೆ ಈ ಉಲ್ಲಾಸವು ಒಂದು ಉಪಾಧಿಯಂತೆ ತೋರಿತು. ಮನಸ್ಸಿನ ವೈದ್ಯನಾದ ನೇಥನ್ ಕ್ಲೈನ್ ಎಂಬಾತನಿಗೆ ಅದೇ ಮುಖ್ಯವಾಗಿ ತೋರಿ, 1957ರಲ್ಲಿ ಖಿನ್ನತೆಯುಳ್ಳ ರೋಗಿಗಳಲ್ಲಿ ಅದರ ಗುಣವನ್ನು ಪ್ರಕಟಿಸಿದನು. ಪಿತ್ತಜನಕಾಂಗಕ್ಕೆ ಹಾನಿಮಾಡಿ ಕಾಮಾಲೆಯನ್ನು ತರುವುದೆಂದು ತಿಳಿದುಬಂದ ಮೇಲೆ 1961ರಲ್ಲಿ ಅಮೆರಿಕದಲ್ಲಿ ಅದನ್ನು ನಿಲ್ಲಿಸಬೇಕಾಯಿತು.

ಅದೇ ಕಾಲದಲ್ಲಿ ಸ್ವಿಟ್ಜರ್ಲೆಂಡಿನ ಬೋಡನ್ ಸರೋವರದ ದಡದಲ್ಲಿ, ಮ್ಯುನ್‌ಸ್ಟರ್‌ಲಿಂಗೆನ್ ಎಂಬ ಚಿಕ್ಕ ಊರಿನ ಮಾನಸಿಕ ಆಸ್ಪತ್ರೆಯಲ್ಲಿ, ರೋಲಾಂಡ್ ಕೂನ್ ಎಂಬ ವೈದ್ಯನಿದ್ದನು. ಪ್ಯಾರಿಸಿನವರು 1952ರಲ್ಲಿ ಬಳಕೆಗೆ ತಂದಿದ್ದ ಉನ್ಮಾದದ ಔಷಧವು ಈ ಆಸ್ಪತ್ರೆಗೆ ದುಬಾರಿಯಾದುದರಿಂದ, ಅದರಂತಹುದೇ ಬೇರೆಯದೊಂದು ಸಿಕ್ಕೀತೆ ಎಂದು ಬಾಸೆಲ್ ನಗರದ ಗೈಗಿ ಎಂಬ ಔಷಧ ತಯಾರಕರೊಡನೆ ಈತನು ವ್ಯವಹರಿಸುತ್ತಿದ್ದನು. ಅವರು ಕಳುಹಿಸಿದ ದ್ರವ್ಯಕ್ಕೆ ಹೆಸರೂ ಇರಲಿಲ್ಲ. ಒಂದು ಅಕ್ಷರವೂ ಐದು ಅಂಕಗಳೂ ಮಾತ್ರ. ಉನ್ಮಾದದ ರೋಗಿಗಳಿಗೆ ಅದನ್ನು ಕೊಟ್ಟರೆ ಕೆಲವರು ಶಾಂತರಾಗುವುದಕ್ಕೆ ಬದಲಾಗಿ ಇನ್ನಷ್ಟು ಕೆರಳಿದರು. ಇಲ್ಲಿಗೆ ಬೇರೆಯವರಾದರೆ ಕಡತವನ್ನು ಕಟ್ಟಿಬಿಡುತ್ತಿದ್ದರು. ಈ ಕೆರಳಿಕೆಯು ಮನಸ್ಸು ಬಿದ್ದುಹೋದವರಿಗೆ ಒದಗಿದರೆ ಏನಾಗಬಹುದೆಂದು ಯೋಚಿಸಿ, 1956ನೆಯ ಇಸವಿ ಜನವರಿಯಲ್ಲಿ ಖಿನ್ನತೆಯಿಂದ ನರಳುತ್ತಿದ್ದ ಒಬ್ಬ ಹೆಂಗಸಿಗೆ ಅದನ್ನು ಕೊಟ್ಟರು. ಒಂದು ವಾರ ಕಳೆಯುವಷ್ಟರಲ್ಲಿ ಆಕೆಯಲ್ಲಿ ಬದಲಾವಣೆ ಕಂಡಿತು. ಇನ್ನೂ ಕೆಲವರಲ್ಲಿ ಕಂಡಿತು. ಇಮಿಪ್ರಮೀನ್ ಎಂಬ ಔಷಧದ ಹುಟ್ಟು ಇದು.

ಕೂನನು ಇದನ್ನು ಅಳೆದ ರೀತಿಯು ನಮ್ಮ ಮನಸ್ಸಿನಲ್ಲಿ ನಿಲ್ಲತಕ್ಕುದು. ಅವನ ಬಳಿ ಅಂಕಗಳನ್ನು ಕೊಡುವ ಪಟ್ಟಿಯೂ ಇರಲಿಲ್ಲ, ಯಂತ್ರವೂ ಇರಲಿಲ್ಲ. ರೋಗಿಯು ಬೆಳಗ್ಗೆ ಯಾರೂ ಎಬ್ಬಿಸದೆ ಎದ್ದನೆ, ಪಕ್ಕದವರೊಡನೆ ಮಾತನಾಡಿದನೆ, ಮನೆಯವರಿಗೆ ಕಾಗದ ಬರೆದನೆ, ಬಿಟ್ಟುಬಿಟ್ಟಿದ್ದ ಹವ್ಯಾಸವನ್ನು ಮತ್ತೆ ಹಿಡಿದನೆ, ಇಂತಹವೇ ಅವನ ಗುರುತುಗಳು. ಮನೆಯಲ್ಲಿ ತಾಯಿಯೋ ಹೆಂಡತಿಯೋ ನೋಡಬಹುದಾದ ಗುರುತುಗಳೂ ಇವೇ ಅಲ್ಲವೆ? 1957ರ ಸೆಪ್ಟೆಂಬರಿನಲ್ಲಿ ಜೂರಿಚ್ ನಗರದ ವೈದ್ಯರ ಮಹಾಸಭೆಯಲ್ಲಿ ಅವನು ತನ್ನ ಲೇಖನವನ್ನು ಓದಿದಾಗ ಕೇಳಲು ಕುಳಿತಿದ್ದವರು ಸುಮಾರು ಹನ್ನೆರಡು ಜನ. ಆದರೆ ಈ ಕಥೆಗೆ ಇನ್ನೊಂದು ಮುಖವಿದೆ, ಅದನ್ನು ಮುಚ್ಚುವುದು ನ್ಯಾಯವಲ್ಲ. ಆ ಆಸ್ಪತ್ರೆಯಲ್ಲಿ ದಶಕಗಳ ಕಾಲ ಹಲವಾರು ಹೊಸ ದ್ರವ್ಯಗಳನ್ನು ಅನೇಕ ರೋಗಿಗಳ ಮೇಲೆ, ಅವರಲ್ಲಿ ಹಲವರಿಗೆ ಸರಿಯಾಗಿ ತಿಳಿಸದೆಯೂ ಒಪ್ಪಿಗೆ ಪಡೆಯದೆಯೂ, ಪರೀಕ್ಷಿಸಿದ್ದರೆಂದು ಅಲ್ಲಿಯ ಇತಿಹಾಸಕಾರರು 2019ರಲ್ಲಿ ಪ್ರಕಟಿಸಿದ ಶೋಧನೆಯಿಂದ ಸ್ಪಷ್ಟವಾಯಿತು. ನಾವು ಇಂದು ಪಡೆಯುತ್ತಿರುವ ಉಪಕಾರದಲ್ಲಿ ಆ ಹೆಸರಿಲ್ಲದವರ ಪಾಲೂ ಇದೆ.

ಮೂರನೆಯ ಎಳೆಯು ನಮ್ಮ ದೇಶದ ಬೇರಿನಿಂದ ಹೊರಟದ್ದು. ಸರ್ಪಗಂಧಿಯ ಬೇರು ಉನ್ಮಾದಕ್ಕೂ ರಕ್ತದ ಒತ್ತಡಕ್ಕೂ ಗುಣಕೊಡುವುದೆಂದು ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸರು 1931ರಲ್ಲಿ ಪ್ರಕಟಿಸಿದ್ದರು. ಮುಂಬಯಿಯ ರುಸ್ತುಂ ಜಾಲ್ ವಕೀಲರು ರಕ್ತದ ಒತ್ತಡದಲ್ಲಿ ಅದರ ಪ್ರಯೋಜನವನ್ನು 1949ರಲ್ಲಿ ಇಂಗ್ಲೆಂಡಿನ ಪತ್ರಿಕೆಯಲ್ಲಿ ವಿವರಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನವರು ಅದರ ಸಾರವಾದ ರಿಸರ್ಪಿನ್ ಎಂಬುದನ್ನು ಬೇರ್ಪಡಿಸಿದರು. ಒತ್ತಡಕ್ಕೆಂದು ಇದನ್ನು ಸೇವಿಸಿದ ಕೆಲವರಲ್ಲಿ ಮನಸ್ಸು ಕುಗ್ಗಿತೆಂಬ ವರದಿಗಳು ಬಂದವು. 1955ರಲ್ಲಿ ಅಮೆರಿಕದ ಬ್ರೋಡಿ ಮತ್ತು ಅವನ ಸಂಗಡಿಗರು, ರಿಸರ್ಪಿನ್ ಮೆದುಳಿನಲ್ಲಿರುವ ಸೆರಟೊನಿನ್ ಎಂಬ ದ್ರವ್ಯವನ್ನು ಬರಿದುಮಾಡುವುದೆಂದು ಪ್ರಾಣಿಗಳಲ್ಲಿ ತೋರಿಸಿದರು. ಕ್ಷಯದ ಔಷಧವಾದರೋ ಅಂತಹ ದ್ರವ್ಯಗಳು ನಾಶವಾಗದಂತೆ ತಡೆಯುತ್ತಿದ್ದಿತು. ಒಂದು ಬರಿದುಮಾಡಿದರೆ ಕುಗ್ಗುವುದು, ಇನ್ನೊಂದು ಉಳಿಸಿದರೆ ಹಿಗ್ಗುವುದು! ಎರಡು ತುದಿಗಳನ್ನು ಗಂಟುಹಾಕಿ, ಈ ದ್ರವ್ಯಗಳ ಕೊರತೆಯೇ ಖಿನ್ನತೆಯೆಂಬ ಸಿದ್ಧಾಂತವನ್ನು 1960ರ ದಶಕದಲ್ಲಿ ಕಟ್ಟಿದರು. ಈ ಗಂಟು ಅಂದವಾಗಿದ್ದರೂ ಅಷ್ಟು ಬಿಗಿಯಲ್ಲವೆಂದು ಆಮೇಲೆ ತಿಳಿಯಿತು. ಔಷಧವು ಆ ದ್ರವ್ಯಗಳನ್ನು ಹೆಚ್ಚಿಸುವುದು ಗಂಟೆಗಳಲ್ಲಿ; ರೋಗಿಗೆ ಗುಣ ಕಾಣುವುದು ವಾರಗಳ ಮೇಲೆ. ಕೊರತೆಯೊಂದೇ ಕಾರಣವಾಗಿದ್ದರೆ ಈ ವಿಳಂಬವೇಕೆ? ರಿಸರ್ಪಿನ್ ನಿಜವಾಗಿ ಖಿನ್ನತೆಯನ್ನು ತರುವುದೆ ಎಂಬುದರಲ್ಲಿಯೇ ಈಗ ವಾದವಿದೆ. ವಂಶದ ಗುಣ, ಬಾಲ್ಯದ ಪೆಟ್ಟು, ಬಡತನ, ಒಂಟಿತನ, ಹೆರಿಗೆ, ದೀರ್ಘರೋಗ, ಮದ್ಯ ಇವೆಲ್ಲವೂ ಸೇರಿ ನೆಯ್ದ ಬಲೆಯನ್ನು ಒಂದೇ ದಾರದಿಂದ ವಿವರಿಸಲಾಗದು. ಕಾರಣವು ಪೂರ್ತಿ ತಿಳಿಯದಿದ್ದರೂ ಚಿಕಿತ್ಸೆಯು ಗುಣಕೊಡುವುದು ವೈದ್ಯಶಾಸ್ತ್ರದಲ್ಲಿ ಹೊಸದೇನೂ ಅಲ್ಲ.

ಗುಳಿಗೆಯೊಂದೇ ಹಾದಿಯೆಂದೂ ಭಾವಿಸಕೂಡದು. 1960ರ ದಶಕದಲ್ಲಿ ಫಿಲಡೆಲ್ಫಿಯದ ಆರನ್ ಬೆಕ್ ಎಂಬ ವೈದ್ಯನು ಖಿನ್ನರಾದವರ ಯೋಚನೆಗಳಲ್ಲಿ ಒಂದು ಜಾಡನ್ನು ಕಂಡನು: ನಾನು ಕೆಲಸಕ್ಕೆ ಬಾರದವನು, ಲೋಕವು ಕೆಟ್ಟದ್ದು, ಮುಂದೆಯೂ ಒಳ್ಳೆಯದಾಗದು. ಈ ಯೋಚನೆಗಳನ್ನು ರೋಗಿಯೊಡನೆ ಕುಳಿತು ಒಂದೊಂದಾಗಿ ಪರೀಕ್ಷೆಗೆ ಒಡ್ಡುವ ಮಾತಿನ ಚಿಕಿತ್ಸೆಯನ್ನು ಅವನು ರೂಪಿಸಿದನು. ಅಷ್ಟು ತೀವ್ರವಲ್ಲದ ಖಿನ್ನತೆಯಲ್ಲಿ ಇದು ಔಷಧಕ್ಕೆ ಸಮನಾಗಿ ನಿಲ್ಲುವುದು.

ಇನ್ನು ನಮ್ಮ ನಾಡಿನ ವಿಷಯ. ಪೂರ್ವದೇಶದವರಿಗೆ ಖಿನ್ನತೆಯು ಅಪರೂಪ, ಅದು ನಾಗರಿಕತೆಯು ಹೆಚ್ಚಿದ ಯೂರೋಪಿನವರ ಬಾಧೆ, ಎಂಬ ಭಾವನೆಯು ಇಪ್ಪತ್ತನೆಯ ಶತಮಾನದ ನಡುವಿನವರೆಗೂ ಪಶ್ಚಿಮದ ಅನೇಕ ವೈದ್ಯರಲ್ಲಿ ಇದ್ದಿತು. ಹುಚ್ಚರ ಆಸ್ಪತ್ರೆಯಲ್ಲಿ ಅವರಿಗೆ ಅದು ಹೆಚ್ಚಾಗಿ ಕಾಣಲಿಲ್ಲವೆಂಬುದು ನಿಜ. ಅಂತಹವರು ಆ ಆಸ್ಪತ್ರೆಗೆ ಹೋಗುತ್ತಲೇ ಇರಲಿಲ್ಲವೆಂಬುದು ಅವರಿಗೆ ಹೊಳೆಯಲಿಲ್ಲ. 1960ರ ದಶಕದಿಂದ ಮಧುರೆಯ ಡಾಕ್ಟರ್ ವೆಂಕೋಬರಾಯರು ಮೊದಲಾದವರು ಭಾರತೀಯರಲ್ಲಿ ಖಿನ್ನತೆಯ ಲಕ್ಷಣಗಳನ್ನು ಕುರಿತು ಮಾಡಿದ ಅಧ್ಯಯನಗಳಿಂದ ಈ ಭ್ರಮೆಯು ಕಳೆಯಿತು. ನಮ್ಮವರಲ್ಲಿ ರೋಗವು ಮೈಯ ಮಾತಿನಲ್ಲಿ ತನ್ನನ್ನು ಹೇಳಿಕೊಳ್ಳುವುದು ಹೆಚ್ಚು. ‘ಮನಸ್ಸಿಗೆ ದುಃಖ’ ಎಂದು ವೈದ್ಯರ ಮುಂದೆ ಹೇಳುವವರು ವಿರಳ. ತಲೆ ಭಾರ, ಎದೆ ಹಿಡಿದಂತಾಗುವುದು, ಮೈಕೈ ನೋವು, ಸುಸ್ತು, ಹೊಟ್ಟೆಯಲ್ಲಿ ಉರಿ, ನಿದ್ದೆಯಿಲ್ಲ, ಇವೇ ದೂರುಗಳು. ಶೀಷೆಯ ಮೇಲೆ ಶೀಷೆ ಟಾನಿಕ್ಕು ಖಾಲಿಯಾಗುವುದು, ನೋವು ಹೋಗದು.

ಈ ವಿಚಾರದಲ್ಲಿ ಕರ್ನಾಟಕದ ಒಂದು ಊರಿಗೆ ಲೋಕಪ್ರಸಿದ್ಧಿ ಬಂದಿತು. ಶಿವರಾಮ ಕಾರಂತರ ಹುಟ್ಟೂರಾದ ಕರಾವಳಿಯ ಕೋಟ. ಎಡಿನ್‌ಬರೋದ ಪ್ರಾಧ್ಯಾಪಕ ಕಾರ್‌ಸ್ಟೇರ್ಸನೂ ಡಾಕ್ಟರ್ ಆರ್. ಎಲ್. ಕಪೂರರೂ ಅಲ್ಲಿ ಮನೆಮನೆಗೆ ಹೋಗಿ ಬ್ರಾಹ್ಮಣರು, ಬಂಟರು, ಮೊಗವೀರರು ಎಂಬ ಮೂರು ಸಮುದಾಯಗಳ ಜನರನ್ನು ಕಂಡು ಮಾತನಾಡಿಸಿದರು. ಅವರ ಗ್ರಂಥವು 1976ರಲ್ಲಿ ಅಚ್ಚಾಯಿತು. ಮನಸ್ಸಿನ ಬಾಧೆಯುಳ್ಳವರು ಅಲ್ಲಿ ಅನೇಕರಿದ್ದರು. ಅವರು ಸಹಾಯವನ್ನು ಹುಡುಕುತ್ತಿರಲಿಲ್ಲವೆಂದಲ್ಲ. ನಾಡವೈದ್ಯರ ಬಳಿ, ಮಂತ್ರವಾದಿಯ ಬಳಿ, ಭೂತದ ಪಾತ್ರಿಯ ಬಳಿ, ಇಂಗ್ಲಿಷ್ ಔಷಧದ ಡಾಕ್ಟರ ಬಳಿ, ಎಲ್ಲ ಕಡೆಯೂ ಹೋಗುತ್ತಿದ್ದರು. ಒಂದು ಕಡೆ ಹೋದವರು ಇನ್ನೊಂದು ಕಡೆ ಹೋಗಬಾರದೆಂಬ ನಿಯಮವೇನೂ ಅವರಿಗಿರಲಿಲ್ಲ. ಇದನ್ನು ಮೂಢತನವೆಂದು ನಗುವವರೊಡನೆ ನಾವು ಸೇರುವುದಿಲ್ಲ. ಪಾತ್ರಿಯು ನೊಂದವರ ಮಾತನ್ನು ಮನೆಯವರೆಲ್ಲರ ಎದುರಿಗೆ ಕೇಳುವನು, ಅಪರಾಧವು ನಿನ್ನದಲ್ಲವೆನ್ನುವನು. ಸಮಾಧಾನವು ಅಷ್ಟರಮಟ್ಟಿಗೆ ನಿಜವಾದದ್ದೇ. ಆದರೆ ಊಟ ಬಿಟ್ಟು, ನಿದ್ದೆ ಬಿಟ್ಟು, ಸಾವನ್ನೇ ನೆನೆಯುತ್ತಿರುವ ರೋಗಿಗೆ ಅದು ಸಾಲದು. ಹರಕೆಯನ್ನು ತೀರಿಸುವವರು ತೀರಿಸಲಿ. ಡಾಕ್ಟರ ಬಳಿಗೆ ಹೋಗುವುದನ್ನು ಅದಕ್ಕಾಗಿ ತಡಮಾಡಬಾರದು.

ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಜೊತೆಗೆ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಡಾಕ್ಟರ್ ಎಂ. ವಿ. ಗೋವಿಂದಸ್ವಾಮಿಯವರ ನಿರ್ದೇಶನದಲ್ಲಿ ಆರಂಭವಾಗಿ, 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಅಲ್ಲಿಯ ವೈದ್ಯರು ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಹಳ್ಳಿಯ ಕೇಂದ್ರವನ್ನು ನಡೆಯಿಸಿ, ಆ ಅನುಭವದಿಂದ 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಒಂದು ದೊಡ್ಡ ಪ್ರಯೋಗಕ್ಕೆ ಕೈಹಾಕಿದರು. ಮನೋವೈದ್ಯರನ್ನು ಹಳ್ಳಿಹಳ್ಳಿಗೂ ಕಳುಹಿಸಲಾಗದು; ಆದುದರಿಂದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಕೆಲವು ವಾರಗಳ ಶಿಕ್ಷಣ ಕೊಟ್ಟು, ಮೇಲೆ ಹೇಳಿದ ಇಮಿಪ್ರಮೀನ್ ಸೇರಿದಂತೆ ಕೆಲವೇ ಔಷಧಗಳನ್ನು ಅವರ ಕೈಗೆ ಒದಗಿಸುವುದು. 1996ರಿಂದ ದೇಶದ ಇತರ ಜಿಲ್ಲೆಗಳಿಗೆ ಹಬ್ಬಿದ ಏರ್ಪಾಡಿಗೆ ಮಾದರಿಯಾದದ್ದು ಈ ಬಳ್ಳಾರಿ. ಅಷ್ಟಾದರೂ ಆ ಕೆಲಸದಲ್ಲಿ ಮೂರ್ಛೆಯ ರೋಗಿಗಳಿಗೂ ಉನ್ಮಾದದವರಿಗೂ ದೊರೆತ ಗಮನವು ಖಿನ್ನತೆಯವರಿಗೆ ದೊರೆಯಲಿಲ್ಲ. ಗದ್ದಲಮಾಡುವ ರೋಗವು ತಾನಾಗಿ ಆಸ್ಪತ್ರೆಗೆ ಬರುವುದು, ಮೌನದ ರೋಗವನ್ನು ಯಾರಾದರೂ ಕರೆದುತರಬೇಕು. 2015-16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಯಿಸಿದ ರಾಷ್ಟ್ರೀಯ ಸಮೀಕ್ಷೆಯಂತೆ, ಬೆಳೆದ 20 ಜನರಲ್ಲಿ ಒಬ್ಬರಿಗೆ ಬಾಳಿನಲ್ಲಿ ಎಂದಾದರೊಮ್ಮೆ ಖಿನ್ನತೆಯು ಬಂದಿರುವುದು. ತೀವ್ರವಾದ ಖಿನ್ನತೆಯುಳ್ಳವರಲ್ಲಿ 100ಕ್ಕೆ ಸುಮಾರು 85 ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಔಷಧವು ಹುಟ್ಟಿ 60 ವರ್ಷಗಳಾದ ಮೇಲಿನ ಲೆಕ್ಕವಿದು.

ಹಾಗಾದರೆ ಗುರುತಿಸುವುದು ಹೇಗೆ? ಮನಸ್ಸು ಕುಗ್ಗಿರುವುದಾಗಲಿ, ಮೊದಲು ಪ್ರಿಯವಾಗಿದ್ದ ಯಾವುದರಲ್ಲಿಯೂ ರುಚಿಯಿಲ್ಲದಿರುವುದಾಗಲಿ ದಿನದ ಹೆಚ್ಚು ಭಾಗ, ದಿನವೂ, ಎರಡು ವಾರಗಳಿಗೆ ಕಡಮೆಯಿಲ್ಲದೆ ನಿಂತಿದ್ದರೆ ಅದು ಮೊದಲ ಸೂಚನೆ. ಅದರೊಂದಿಗೆ ಬೆಳಗಿನ ಜಾವಕ್ಕೇ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದಿರುವುದು, ಊಟ ಸೇರದೆ ತೂಕ ಇಳಿಯುವುದು, ಏನೂ ಮಾಡದೆ ದಣಿಯುವುದು, ಮಾತೂ ನಡೆಯೂ ನಿಧಾನವಾಗುವುದು, ಓದಿದ್ದು ತಲೆಗೆ ಹತ್ತದಿರುವುದು, ಎಂದೋ ನಡೆದ ಸಣ್ಣ ತಪ್ಪಿಗೆ ಈಗ ತನ್ನನ್ನೇ ನಿಂದಿಸಿಕೊಳ್ಳುವುದು, ಬದುಕು ಸಾಕೆನ್ನುವುದು, ಇವುಗಳಲ್ಲಿ ಹಲವು ಕೂಡಿಬಂದರೆ ಸಂಶಯಪಡಬೇಕು. ಕೆಲವರಲ್ಲಿ ನಿದ್ದೆಯೂ ಊಟವೂ ಹೆಚ್ಚುವುದುಂಟು. ಬಾಣಂತಿಯು ಮಗುವನ್ನು ಎತ್ತಿಕೊಳ್ಳಲಾರದೆ ಅಳುತ್ತಿದ್ದರೆ ಅದು ಅವಳ ಕಲ್ಲೆದೆಯಲ್ಲ. ಮುದುಕರು ಮರೆವಿನವರಂತೆ ಕಂಡರೆ ಅದೆಲ್ಲವೂ ಅರಳುಮರಳಲ್ಲ. ಗಂಡಸರಲ್ಲಿ ಇದು ಸಿಟ್ಟಾಗಿಯೂ ಕುಡಿತವಾಗಿಯೂ ಹೊರಬೀಳುವುದುಂಟು.

ಮೊದಲು ಹೋಗಬೇಕಾದದ್ದು ದೊಡ್ಡ ಆಸ್ಪತ್ರೆಗೇ ಎಂದಿಲ್ಲ. ಹತ್ತಿರದ ಆರೋಗ್ಯ ಕೇಂದ್ರದ ವೈದ್ಯರೂ ನಂಬಿಕೆಯ ಡಾಕ್ಟರೂ ಆಗಬಹುದು. ಥೈರಾಯ್ಡ್ ಗ್ರಂಥಿಯ ದೋಷ, ರಕ್ತಹೀನತೆ ಮುಂತಾದವು ಇದೇ ವೇಷದಲ್ಲಿ ಬರುವುದರಿಂದ ಅವರು ರಕ್ತಪರೀಕ್ಷೆ ಮಾಡಿಸಬಹುದು. ಹಿಂದೆ ಎಂದಾದರೂ ಅತಿಯಾದ ಉತ್ಸಾಹ, ನಿದ್ದೆಯೇ ಬೇಡವೆಂಬ ಹುರುಪು, ಕೈಮೀರಿದ ಖರ್ಚು ಇದ್ದಿತೆ ಎಂದು ಕೇಳುವರು. ಇದ್ದಿದ್ದರೆ ಮುಚ್ಚದೆ ಹೇಳಬೇಕು, ಏಕೆಂದರೆ ಆಗ ಔಷಧದ ಕ್ರಮವೇ ಬೇರೆ. ಗುಳಿಗೆಯನ್ನು ಕೊಟ್ಟರೆ ಮೂರು ದಿನಕ್ಕೆ ಗುಣವಾಗಲಿಲ್ಲವೆಂದು ಬಿಡಕೂಡದು. ಎರಡರಿಂದ ನಾಲ್ಕು ವಾರಗಳು ಬೇಕು. ಮೊದಲ ದಿನಗಳಲ್ಲಿ ಬಾಯಿ ಒಣಗುವುದು, ಹೊಟ್ಟೆ ತೊಳಸುವುದು ಇತ್ಯಾದಿ ತೊಂದರೆಗಳು ಕಂಡರೆ ವೈದ್ಯರಿಗೆ ತಿಳಿಸಬೇಕು. ಗುಣವಾದ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಿ, ಅವರು ಹೇಳಿದಂತೆ ಮೆಲ್ಲಮೆಲ್ಲನೆ ಇಳಿಸಬೇಕು. ಈ ಔಷಧಗಳು ಮದ್ಯದಂತೆ ಚಟ ಹಿಡಿಸುವುದಿಲ್ಲ. ಆದರೂ ಥಟ್ಟನೆ ನಿಲ್ಲಿಸಿದರೆ ಮೈಗೆ ತೊಂದರೆಯಾಗುವುದು, ಬೇಗ ನಿಲ್ಲಿಸಿದರೆ ರೋಗವು ಮರಳುವುದು.

ರೋಗಿಯು ತಾನಾಗಿ ಹೊರಡುವನೆಂದು ಕಾಯುತ್ತ ಕೂಡುವುದರಲ್ಲಿ ಅರ್ಥವಿಲ್ಲ. ಎದ್ದು ಬಟ್ಟೆ ಉಟ್ಟು ಬಸ್ಸು ಹತ್ತುವ ಶಕ್ತಿಯನ್ನೇ ಈ ರೋಗವು ಮೊದಲು ಕಸಿಯುವುದು. ನನಗೆ ಚಿಕಿತ್ಸೆಯಿಂದ ಏನೂ ಆಗದೆಂಬ ಮಾತು ರೋಗದ ಲಕ್ಷಣವೇ ಹೊರತು ಆಲೋಚಿಸಿದ ಅಭಿಪ್ರಾಯವಲ್ಲ. ಆದುದರಿಂದ ಮನೆಯವರೊಬ್ಬರು ಜೊತೆಯಲ್ಲಿ ಹೋಗಬೇಕು. ಸಾಯುವ ಯೋಚನೆ ಬರುತ್ತಿದೆಯೆ ಎಂದು ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುವುದೆಂದು ಬಹಳ ಜನರು ಅಂಜುವರು. ಹಾಗಾಗದು. ನೇರವಾಗಿ, ಮೆಲ್ಲಗೆ ಕೇಳಿದರೆ ಹೇಳಿಕೊಳ್ಳಲು ದಾರಿಯಾಗಿ ಭಾರವು ಇಳಿಯುವುದು. ಹೌದೆಂದರೆ ಒಬ್ಬರನ್ನೇ ಬಿಡಕೂಡದು. ಹೊಲದ ಕೀಟನಾಶಕವನ್ನೂ ಮನೆಯಲ್ಲಿರುವ ಮಾತ್ರೆಗಳನ್ನೂ ಬೇರೆಯವರ ವಶಕ್ಕೆ ಕೊಟ್ಟು, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಸಾಯಲು ಪ್ರಯತ್ನಿಸಿ ಬದುಕಿದವರನ್ನು ಪೊಲೀಸರು ಹಿಡಿಯುವರೆಂದು ಹೆದರಿ ಆಸ್ಪತ್ರೆಗೆ ಒಯ್ಯದಿರುವ ಮನೆಗಳೂ ಉಂಟು. 2017ರ ಕಾಯಿದೆಯು ಅಂತಹವರನ್ನು ತೀವ್ರವಾದ ಮಾನಸಿಕ ಒತ್ತಡದಲ್ಲಿದ್ದವರೆಂದು ಭಾವಿಸಿ, ದಂಡನೆಯಿಲ್ಲದೆ ಆರೈಕೆಯನ್ನು ಒದಗಿಸುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿದೆ. ಯಾರ ಬಳಿಗೆ ಹೋಗಬೇಕೆಂಬುದೇ ತೋಚದಿದ್ದರೆ, 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರದ ಏರ್ಪಾಡಿಗೆ 14416 ಎಂಬ ಸಂಖ್ಯೆಯಲ್ಲಿ ಹಗಲಾಗಲಿ ರಾತ್ರಿಯಾಗಲಿ ದೂರವಾಣಿ ಮಾಡಬಹುದು. ಅದಕ್ಕೆ ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು, ರೋಗಿಯ ಪರವಾಗಿ ಮನೆಯವರೂ ಕರೆಯಬಹುದು.